ಅಂಕಿತದ ವಿನ್ಯಾಸ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಹೊಯ್ಸಳರ ಕಾಲದ ಕೇಶವ ದೇವಾಲಯವಿದೆ. 13ನೆಯ ಶತಮಾನದಲ್ಲಿ, ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ, ಸೋಮನಾಥ ದಂಡನಾಯಕನು ಕಟ್ಟಿಸಿದ ಈ ದೇವಾಲಯವು 2023ರಲ್ಲಿ ಬೇಲೂರು ಹಳೇಬೀಡುಗಳ ದೇವಾಲಯಗಳೊಡನೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತು. ಇದರ ಹೊರಗೋಡೆಯ ವಿಗ್ರಹಗಳನ್ನು ನೋಡುತ್ತ ಸಾಗುವವರು ಅವುಗಳ ಪೀಠದ ಕಡೆಗೂ ದೃಷ್ಟಿ ಹಾಯಿಸಿದರೆ ಅಲ್ಲಲ್ಲಿ ಸಣ್ಣ ಅಕ್ಷರಗಳ ಬರಹ ಕಾಣುತ್ತದೆ. ಅವು ಶಿಲ್ಪಿಗಳ ಹೆಸರುಗಳು. ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ, ಬಾಲೆಯ ಮೊದಲಾದವರು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೊರೆದಿದ್ದಾರೆ. ಅವರಲ್ಲಿ ಮಲ್ಲಿತಮ್ಮನ ಹೆಸರೇ ಹೆಚ್ಚಾಗಿ ಕಾಣಸಿಗುತ್ತದೆ. ಹೆಸರು ವಿಗ್ರಹದ ಮುಖವನ್ನು ಮರೆಮಾಡಿಲ್ಲ. ಆಭರಣಗಳ ನಡುವೆ ತೂರಿಕೊಂಡಿಲ್ಲ. ಅದು ಕೆಳಗೆ, ತನ್ನ ಸ್ಥಳದಲ್ಲಿ, ಹುಡುಕಿದವರಿಗೆ ಸಿಗುವಂತೆ ನಿಂತಿದೆ. ಏಳು ನೂರು ವರ್ಷಗಳಿಗೂ ಹಿಂದೆ ಬಾಳಿದ ಆ ಶಿಲ್ಪಿಗಳನ್ನು ಇಂದಿನವರು ಹೆಸರು ಹಿಡಿದು ನೆನೆಯಲು ಆ ಸಣ್ಣ ಬರಹವೇ ಕಾರಣ.

ಮಾಡಿದ ಕೆಲಸದ ಕೊನೆಯಲ್ಲಿ ಅಥವಾ ಬರೆದ ಬರಹದ ಕೊನೆಯಲ್ಲಿ ಹೆಸರಿಡುವ ಈ ಪದ್ಧತಿ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಅದಕ್ಕೆ ಒಪ್ಪ, ಅಂಕಿತ, ಸಹಿ, ರುಜು ಎಂದು ಹಲವು ಹೆಸರುಗಳಿವೆ. ತಾಮ್ರಶಾಸನಗಳನ್ನು ನೋಡಿದರೆ ಅಂದಿನವರು ಅಂಕಿತದ ವಿನ್ಯಾಸವನ್ನು ಎಷ್ಟು ಎಚ್ಚರದಿಂದ ಯೋಚಿಸಿದ್ದರೆಂಬುದು ತಿಳಿಯುತ್ತದೆ. ತಲಕಾಡಿನಿಂದ ಆಳಿದ ಗಂಗರ ತಾಮ್ರಪಟಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಆ ಬಳೆಯ ತುದಿಗಳನ್ನು ಆನೆಯ ಮುದ್ರೆಯಲ್ಲಿ ಬೆಸೆಯುತ್ತಿದ್ದರು. ವಿಜಯನಗರದ ಅರಸರ ಅನೇಕ ತಾಮ್ರಶಾಸನಗಳಲ್ಲಿ ಪಾಠವು ಸಂಸ್ಕೃತ ಭಾಷೆಯಲ್ಲಿ, ನಾಗರೀ ಬಗೆಯ ಲಿಪಿಯಲ್ಲಿದ್ದರೂ ಕೊನೆಯ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪವು ಕನ್ನಡ ಅಕ್ಷರಗಳಲ್ಲಿದೆ. ಹೀಗೆ ಲಾಂಛನಕ್ಕೆ ಒಂದು ಸ್ಥಳ, ವಿಷಯಕ್ಕೆ ಒಂದು ಸ್ಥಳ, ಒಪ್ಪಕ್ಕೆ ಒಂದು ಸ್ಥಳ ಎಂದು ಗೊತ್ತುಮಾಡಿದ್ದರಿಂದ ಶಾಸನವನ್ನು ಕೈಗೆತ್ತಿಕೊಂಡವನಿಗೆ ಅದು ಯಾರದೆಂಬುದು ಕೂಡಲೇ ತಿಳಿಯುತ್ತಿತ್ತು.

ಅಂಕಿತಕ್ಕೆ ಇನ್ನೊಂದು ಪರಂಪರೆಯೂ ಉಂಟು. ತಿರುಮಕೂಡಲು ನರಸೀಪುರಕ್ಕೆ ಸಮೀಪದ ಸೋಸಲೆಯು ವ್ಯಾಸರಾಜ ಮಠದಿಂದ ಪ್ರಸಿದ್ಧವಾದ ಊರು. ಆ ಪರಂಪರೆಯ ವ್ಯಾಸರಾಯರು ತಮ್ಮ ಕೀರ್ತನೆಗಳಲ್ಲಿ ‘ಸಿರಿಕೃಷ್ಣ’ ಎಂಬ ಅಂಕಿತವನ್ನು ಬಳಸಿದರು. ಪುರಂದರದಾಸರ ಅಂಕಿತ ‘ಪುರಂದರ ವಿಠಲ’. ಕೀರ್ತನೆಗಳು ಬಾಯಿಂದ ಬಾಯಿಗೆ ಹರಿದುಬಂದವು. ಒಬ್ಬರು ಒಂದು ರಾಗದಲ್ಲಿ ಹಾಡಿದುದನ್ನು ಮತ್ತೊಬ್ಬರು ಬೇರೊಂದು ರಾಗದಲ್ಲಿ ಹಾಡಿದರು. ತಾಳ ಬದಲಾಯಿತು, ಧಾಟಿ ಬದಲಾಯಿತು. ಆದರೂ ಅಂಕಿತವು ಅಳಿಯಲಿಲ್ಲ. ಏಕೆಂದರೆ ಅದು ಹಾಡಿನ ಹೊರಗಣ ಅಲಂಕಾರವಾಗಿರದೆ ಕೊನೆಯ ನುಡಿಯ ಮಾತಿನಲ್ಲಿಯೇ ಸೇರಿಹೋಗಿತ್ತು.

ಶಿಲ್ಪದ ಹೆಸರು ಮತ್ತು ಕೀರ್ತನೆಯ ಅಂಕಿತ, ಇವೆರಡರ ನಡುವಣ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಂದಿನ ಒಂದು ಸಮಸ್ಯೆಯನ್ನು ತಿಳಿಯುವುದು ಸುಲಭವಾಗುತ್ತದೆ. 1971ರಲ್ಲಿ ಅಮೆರಿಕೆಯ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಪತ್ರ ಕಳುಹಿಸುವ ವಿಧಾನವನ್ನು ರೂಪಿಸಿದನು. ಇ-ಮೇಲ್ ಅಥವಾ ಮಿಂಚಂಚೆ ಎಂದು ಕರೆಯಲಾಗುವ ಆ ಪತ್ರವು ಇಂದು ಪಂಚಾಯಿತಿಯಿಂದ ಕಾರ್ಖಾನೆಯವರೆಗೆ ಎಲ್ಲೆಡೆಯಲ್ಲಿಯೂ ಬಳಕೆಯಲ್ಲಿದೆ. ಮಿಂಚಂಚೆಯ ಕೊನೆಯಲ್ಲಿ ಕಳುಹಿಸಿದವರ ಹೆಸರು, ಹುದ್ದೆ, ಸಂಸ್ಥೆ, ವಿಳಾಸ, ದೂರವಾಣಿ ಸಂಖ್ಯೆಗಳಿರುವ ಒಂದು ಸಣ್ಣ ಫಲಕವು ತಾನಾಗಿಯೇ ಬಂದು ಸೇರುವಂತೆ ಏರ್ಪಡಿಸಬಹುದು. ಇದೇ ಮಿಂಚಂಚೆಯ ಅಂಕಿತ. ಕಾಗದದ ಪತ್ರವು ಬರೆದವನ ಕೈಯಲ್ಲಿ ಹೇಗಿತ್ತೋ ಓದುವವನ ಕೈಯಲ್ಲಿಯೂ ಹಾಗೆಯೇ ಇರುತ್ತದೆ. ಮಿಂಚಂಚೆಯಾದರೋ ಹಾಗಲ್ಲ. ಅದು ಸೂಚನೆಗಳ ರೂಪದಲ್ಲಿ ಪಯಣಿಸಿ, ಸೇರಿದ ಕಡೆಯಲ್ಲಿ ಅಲ್ಲಿನ ಯಂತ್ರದಿಂದ ಹೊಸದಾಗಿ ಜೋಡಣೆಗೊಳ್ಳುತ್ತದೆ. ದೊಡ್ಡ ಪರದೆಯ ಮೇಲೆ ಒಂದು ರೂಪ, ಅಂಗೈಯಗಲದ ಫೋನಿನ ಮೇಲೆ ಇನ್ನೊಂದು ರೂಪ. ಆದುದರಿಂದ ಮಿಂಚಂಚೆಯ ಅಂಕಿತವು ಕಲ್ಲಿನ ಬರಹಕ್ಕಿಂತ ಕೀರ್ತನೆಯ ಅಂಕಿತಕ್ಕೆ ಹೆಚ್ಚು ಹತ್ತಿರವಾದುದು. ಹೇಗೆ ಬದಲಾದರೂ ಅರ್ಥ ಕೆಡದ ರಚನೆಯನ್ನು ಆರಿಸಿಕೊಳ್ಳುವುದೇ ಅದರ ವಿನ್ಯಾಸದ ಮೂಲಸೂತ್ರ.

ರಚನೆಯನ್ನು ಆರಿಸುವ ಮೊದಲು ವಿಷಯವನ್ನು ನಿರ್ಧರಿಸಬೇಕು. ಪಾತ್ರೆಯನ್ನು ಕೊಳ್ಳುವ ಮೊದಲು ಅದರಲ್ಲಿ ತುಂಬುವುದು ಏನು, ಎಷ್ಟು ಎಂಬುದು ತಿಳಿದಿರಬೇಕಷ್ಟೆ. ಅಂಕಿತವು ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಬರೆದವರು ಯಾರು? ಯಾವ ಸ್ಥಾನದಿಂದ ಬರೆದಿದ್ದಾರೆ? ಅವರನ್ನು ಮರಳಿ ಸಂಪರ್ಕಿಸುವುದು ಹೇಗೆ? ಇವುಗಳಲ್ಲಿ ಎರಡನೆಯ ಪ್ರಶ್ನೆಯನ್ನು ಅಲಕ್ಷಿಸಲಾಗದು. ನಂಜನಗೂಡಿನ ಶ್ರೀಕಂಠೇಶ್ವರನ ಭಕ್ತರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಸನ್ನದುಗಳಿಗೆ ‘ಶ್ರೀ ಕೃಷ್ಣ’ ಎಂದು ಒಪ್ಪ ಹಾಕುತ್ತಿದ್ದರು. ವ್ಯಾಸರಾಯರ ಅಂಕಿತವೂ ಕೃಷ್ಣನ ಹೆಸರೇ. ಹೆಸರು ಒಂದೇ ಆದರೂ ಒಂದು ಅರಸರ ಅಪ್ಪಣೆ, ಮತ್ತೊಂದು ಭಕ್ತರ ನಿವೇದನೆ. ಹೆಸರಿನೊಡನೆ ಸ್ಥಾನವೂ ತಿಳಿದಾಗಲೇ ಬರಹದ ತೂಕ ತಿಳಿಯುತ್ತದೆ. ಈ ಮೂರನ್ನು ಬಿಟ್ಟು ಸುಭಾಷಿತ, ಭಾವಚಿತ್ರ, ಪ್ರಶಸ್ತಿಗಳ ಪಟ್ಟಿ ಇವೆಲ್ಲವನ್ನೂ ತುಂಬಿದರೆ ಅಂಕಿತವು ಪತ್ರಕ್ಕಿಂತ ಉದ್ದವಾದೀತು. ಅಂತರಜಾಲದ ಶಿಷ್ಟಾಚಾರವನ್ನು ಕುರಿತು 1995ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 1855 ಎಂಬ ದಾಖಲೆಯು ಅಂಕಿತವು 4 ಸಾಲುಗಳನ್ನು ಮೀರದಿರುವುದು ಒಳ್ಳೆಯದೆಂದು ಹೇಳಿತು. ಆ ಮಿತಿಯನ್ನು ಇಂದು ಅಕ್ಷರಶಃ ಪಾಲಿಸದಿದ್ದರೂ ಅದರ ಹಿಂದಿನ ವಿವೇಕ ಇಂದಿಗೂ ಸಲ್ಲುತ್ತದೆ.

ಇನ್ನು ರಚನೆಗಳ ವಿಚಾರ. ನಂಜನಗೂಡಿನಲ್ಲಿ ರಸಬಾಳೆ ಬೆಳೆಯುವವರ ಒಂದು ಸಂಘವಿದೆಯೆಂದು ಉದಾಹರಣೆಗಾಗಿ ಭಾವಿಸಬಹುದು. ಅದರ ಕಾರ್ಯದರ್ಶಿಯು ದೂರದ ವ್ಯಾಪಾರಿಗಳಿಗೂ ಊರಿನ ರೈತರಿಗೂ ಮಿಂಚಂಚೆ ಬರೆಯಬೇಕಾಗಿದೆ. ಅವರ ಮುಂದೆ ಮುಖ್ಯವಾಗಿ ನಾಲ್ಕು ಬಗೆಯ ರಚನೆಗಳಿವೆ.

ಮೊದಲನೆಯದು ಒಂದೇ ಸಾಲಿನ ರಚನೆ. ಹೆಸರು, ಹುದ್ದೆ, ದೂರವಾಣಿ ಸಂಖ್ಯೆಗಳನ್ನು ನಡುನಡುವೆ ಒಂದೊಂದು ಗೆರೆಯಿಟ್ಟು ಒಂದೇ ಸಾಲಿನಲ್ಲಿ ಬರೆಯುವುದು ಇದರ ಕ್ರಮ. ಇದು ಸ್ಥಳವನ್ನು ಉಳಿಸುತ್ತದೆ. ಪರಿಚಿತರಿಗೆ ಬರೆಯುವಾಗ ಸಾಕಾಗುತ್ತದೆ. ಆದರೆ ವಿಷಯವು ಸ್ವಲ್ಪ ಹೆಚ್ಚಾದರೂ ಸಣ್ಣ ಪರದೆಯ ಮೇಲೆ ಸಾಲು ಎಲ್ಲೆಂದರಲ್ಲಿ ಮುರಿಯುತ್ತದೆ. ದೂರವಾಣಿ ಸಂಖ್ಯೆಯ ಅರ್ಧ ಮೇಲಿನ ಸಾಲಿನಲ್ಲಿ, ಉಳಿದರ್ಧ ಕೆಳಗಿನ ಸಾಲಿನಲ್ಲಿ ಉಳಿದು ಓದುವವರಿಗೆ ತೊಡಕಾಗುತ್ತದೆ.

ಎರಡನೆಯದು ಒಂದರ ಕೆಳಗೊಂದಾಗಿ ಬರೆಯುವ ಏಕಾಂಕಣ ರಚನೆ. ಶಾಲೆಯಲ್ಲಿ ಪತ್ರಲೇಖನವನ್ನು ಕಲಿತವರೆಲ್ಲರಿಗೂ ಇದು ಪರಿಚಿತವಾದುದೇ. ‘ಇಂತಿ ತಮ್ಮ ವಿಶ್ವಾಸಿ’ ಎಂದು ಬರೆದು ಅದರ ಕೆಳಗೆ ಹೆಸರನ್ನೂ ವಿಳಾಸವನ್ನೂ ಬರೆಯುವ ಕ್ರಮವೇ ಇಲ್ಲಿಯೂ ಮುಂದುವರಿಯುತ್ತದೆ. ಸಂಘದ ಕಾರ್ಯದರ್ಶಿಯ ಅಂಕಿತವು ಈ ರೀತಿಯಲ್ಲಿ ಹೀಗಿರಬಹುದು:

(ಹೆಸರು)
ಕಾರ್ಯದರ್ಶಿ
ರಸಬಾಳೆ ಬೆಳೆಗಾರರ ಸಂಘ
ನಂಜನಗೂಡು – 571301
(ದೂರವಾಣಿ ಸಂಖ್ಯೆ)

ಇಲ್ಲಿ ಒಂದೊಂದು ಸಾಲಿಗೆ ಒಂದೊಂದೇ ವಿಷಯ. ಪರದೆ ಎಷ್ಟೇ ಕಿರಿದಾದರೂ ಕ್ರಮ ಕೆಡುವುದಿಲ್ಲ. ಬಣ್ಣ, ಅಕ್ಷರದ ಗಾತ್ರ, ಚಿತ್ರ ಇವೆಲ್ಲವೂ ಕಳಚಿಹೋಗಿ ಬರಿಯ ಅಕ್ಷರಗಳು ಮಾತ್ರ ಉಳಿದರೂ ಅರ್ಥಕ್ಕೆ ಕುಂದಿಲ್ಲ. ಎತ್ತರ ಸ್ವಲ್ಪ ಹೆಚ್ಚಾಗುವುದೊಂದೇ ಇದರ ಕೊರತೆ.

ಮೂರನೆಯದು ಜೋಡಿ ಅಂಕಣದ ರಚನೆ. ಎಡಗಡೆ ಸಂಸ್ಥೆಯ ಲಾಂಛನ, ಬಲಗಡೆ ಹೆಸರು ಮತ್ತು ವಿವರ, ನಡುವೆ ಒಂದು ತೆಳುವಾದ ಗೆರೆ. ತಾಮ್ರಪಟದ ಮುದ್ರೆಯಂತೆ ಲಾಂಛನವು ಸಂಸ್ಥೆಯ ಗುರುತನ್ನು ಒಮ್ಮೆಲೇ ನೀಡುತ್ತದೆ, ಎತ್ತರವೂ ಕಡಿಮೆಯಾಗುತ್ತದೆ. ದೊಡ್ಡ ಪರದೆಯ ಮುಂದೆ ಕುಳಿತು ಓದುವ ವ್ಯಾಪಾರಿಗೆ ಇದು ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಫೋನಿನಲ್ಲಿ ಓದುವ ರೈತನಿಗೆ ಎರಡು ಅಂಕಣಗಳೂ ಇಕ್ಕಟ್ಟಾಗಿ, ಬಲಗಡೆಯ ಸಾಲುಗಳು ತುಂಡುತುಂಡಾಗಬಹುದು. ಆದುದರಿಂದ ಲಾಂಛನವನ್ನು ಚಿಕ್ಕದಾಗಿಸಿ, ಬಲಗಡೆಯ ಅಂಕಣಕ್ಕೆ ಸಾಕಷ್ಟು ಅಗಲವನ್ನು ಬಿಡಬೇಕು.

ಅಗಲ ಎಷ್ಟಿರಬೇಕು ಎಂಬ ಪ್ರಶ್ನೆಗೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ಹೆಸರುಗಳೇ ಒಳ್ಳೆಯ ಪಾಠವನ್ನು ಹೇಳುತ್ತವೆ. ನಂಜನಗೂಡಿನ ದಡವನ್ನು ತೊಳೆದು ಹರಿಯುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ನದಿಯು ಎರಡು ಊರುಗಳನ್ನೂ ಬೆಸೆದಿದೆ. ಆದರೆ ಹೆಸರಿನ ಉದ್ದದಲ್ಲಿ ಅವು ಸಮವಲ್ಲ. ‘ನಂಜನಗೂಡು’ ಎಂಬುದರಲ್ಲಿ 5 ಅಕ್ಷರಗಳು. ‘ತಿರುಮಕೂಡಲು ನರಸೀಪುರ’ ಎಂಬುದರಲ್ಲಿ 11. ಸಂಘವು ಎರಡು ಊರುಗಳಲ್ಲಿಯೂ ಕಚೇರಿಯನ್ನು ತೆರೆದು, ನಂಜನಗೂಡಿನ ಅಳತೆಗೆ ಹೊಲಿದ ಅಂಗಿಯನ್ನೇ ನರಸೀಪುರಕ್ಕೂ ತೊಡಿಸಿದರೆ ಊರಿನ ಹೆಸರು ಮುರಿದು, 571124 ಎಂಬ ಪಿನ್ ಸಂಖ್ಯೆಯು ಒಂಟಿಯಾಗಿ ಮುಂದಿನ ಸಾಲಿಗೆ ಜಾರುತ್ತದೆ. ಆದುದರಿಂದ ಅನೇಕರು ಬಳಸುವ ರಚನೆಯನ್ನು ಅತ್ಯಂತ ಉದ್ದವಾದ ಹೆಸರಿಗೆ ಹೊಂದುವಂತೆ ರೂಪಿಸಬೇಕು. ಬಳಕೆಯಲ್ಲಿರುವ ‘ಟಿ. ನರಸೀಪುರ’ ಎಂಬ ಸಂಕ್ಷೇಪವನ್ನು ಬಳಸುವುದಾದರೆ ಎಲ್ಲರೂ ಅದನ್ನೇ ಬಳಸಬೇಕು. ಒಬ್ಬರದು ಪೂರ್ಣ, ಇನ್ನೊಬ್ಬರದು ಸಂಕ್ಷಿಪ್ತ ಎಂದಾದರೆ ಸಂಸ್ಥೆಯ ಶಿಸ್ತು ಸಡಿಲವಾಗಿ ಕಾಣುತ್ತದೆ. 1972ರಲ್ಲಿ ಜಾರಿಗೆ ಬಂದ 6 ಅಂಕಿಗಳ ಪಿನ್ ವ್ಯವಸ್ಥೆಯ ಉದ್ದೇಶವು ಪತ್ರವು ತಪ್ಪದೆ ಊರನ್ನು ಸೇರಬೇಕೆಂಬುದು. ಊರನ್ನೂ ಅದರ ಸಂಖ್ಯೆಯನ್ನೂ ಬೇರ್ಪಡಿಸುವ ರಚನೆಯು ಆ ಉದ್ದೇಶಕ್ಕೆ ಒಪ್ಪುವಂಥದಲ್ಲ.

ನಾಲ್ಕನೆಯದು ಇಡೀ ಅಂಕಿತವನ್ನು ಒಂದು ಚಿತ್ರವನ್ನಾಗಿ ಮಾಡಿ ಅಂಟಿಸುವ ರಚನೆ. ಅಕ್ಷರಗಳ ಅಂದ ಬದಲಾಗದೆ ಉಳಿಯುವುದರಿಂದ ಇದು ಹಲವರ ಮನಸ್ಸನ್ನು ಸೆಳೆಯುತ್ತದೆ. ಆದರೆ ನಾಲ್ಕರಲ್ಲಿ ಹೆಚ್ಚು ಅಪಾಯಕಾರಿಯಾದುದು ಇದೇ. ಅಪರಿಚಿತರಿಂದ ಬಂದ ಮಿಂಚಂಚೆಯ ಚಿತ್ರಗಳನ್ನು ಸುರಕ್ಷತೆಯ ದೃಷ್ಟಿಯಿಂದ ತಡೆಹಿಡಿಯುವ ತಂತ್ರಾಂಶಗಳುಂಟು. ಅಂಥಲ್ಲಿ ಅಂಕಿತದ ಸ್ಥಳದಲ್ಲಿ ಖಾಲಿ ಚೌಕವೊಂದೇ ಕಾಣುತ್ತದೆ. ಚಿತ್ರದೊಳಗಿನ ದೂರವಾಣಿ ಸಂಖ್ಯೆಯನ್ನು ಒತ್ತಿ ಕರೆ ಮಾಡಲಾಗದು. ವಿಳಾಸವನ್ನು ಸುಲಭವಾಗಿ ನಕಲು ಮಾಡಿಕೊಳ್ಳಲಾಗದು. ಕಣ್ಣು ಕಾಣದವರು ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶದ ಮೂಲಕ ಪತ್ರವನ್ನು ಕೇಳುತ್ತಾರೆ. ಚಿತ್ರಕ್ಕೆ ಬದಲಿ ಬರಹವನ್ನು ಕೊಡದಿದ್ದರೆ ಅವರ ಪಾಲಿಗೆ ಆ ಪತ್ರವು ಅನಾಮಧೇಯವೇ ಸರಿ. ಕಾಳು ಮೆಣಸಿನ ಬಳ್ಳಿಗೆ ಮರವು ಆಸರೆಯಾಗುವಂತೆ ಚಿತ್ರಕ್ಕೆ ಅಕ್ಷರವು ಆಸರೆಯಾಗಬೇಕು. ಲಾಂಛನವಿರಲಿ, ಆದರೆ ಅದು ಕಾಣದಿದ್ದರೂ ಸಂಸ್ಥೆಯ ಹೆಸರು ಅಕ್ಷರಗಳಲ್ಲಿ ಕಾಣುವಂತಿರಲಿ.

ಕನ್ನಡದಲ್ಲಿ ಅಂಕಿತವನ್ನು ರಚಿಸುವವರು ಲಿಪಿಯ ಸ್ವಭಾವವನ್ನೂ ಅರಿತಿರಬೇಕು. ರೋಮನ್ ಲಿಪಿಗೆ ಹೊಂದುವ ಸಾಲುಗಳ ಅಂತರವು ಕನ್ನಡಕ್ಕೆ ಸಾಲದು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಗುಣಿತದ ಚಿಹ್ನೆಗಳು ಮೇಲಕ್ಕೆ ಏರುತ್ತವೆ. ‘ಶ್ರೀಕಂಠೇಶ್ವರ’ ಎಂಬ ಒಂದು ಪದದಲ್ಲಿಯೇ ಎರಡು ಒತ್ತುಗಳಿವೆ. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಕೊಂಬು ಗುಡಿಸುಗಳನ್ನು ತಾಗಿ ಓದು ತೊಡಕಾಗುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಾಲಿನಷ್ಟಾದರೂ ಸಾಲಿಗೆ ಎತ್ತರವನ್ನು ಕೊಡುವುದು ಲೇಸು. ಕನ್ನಡ ಲಿಪಿಯು 1991ರಲ್ಲಿ ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ ಸ್ಥಾನ ಪಡೆಯಿತು. ಆ ಸಂಕೇತದಲ್ಲಿ ಬರೆದ ಹೆಸರು ಯಾವ ಊರಿನ ಯಾವ ಯಂತ್ರವನ್ನು ಸೇರಿದರೂ ಕನ್ನಡವಾಗಿಯೇ ಉಳಿಯುತ್ತದೆ. ಅಕ್ಷರದ ಶೈಲಿ ಬದಲಾದೀತು, ಅಕ್ಷರ ಬದಲಾಗದು. ಅದಕ್ಕೆ ಮುಂಚಿನ ಬೇರೆ ಸಂಕೇತಗಳಲ್ಲಿ ಬರೆದ ಹೆಸರಾದರೆ, ಅದೇ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತದೆ.

ಜೋಡಿ ಅಂಕಣವನ್ನು ಕಟ್ಟುವ ಬಗೆಯಲ್ಲಿಯೂ ಒಂದು ವಿಶೇಷವಿದೆ. ಅಂತರಜಾಲದ ಪುಟಗಳನ್ನು ಜೋಡಿಸಲು ಇಂದು ಅನೇಕ ಹೊಸ ವಿಧಾನಗಳಿವೆ. ಆದರೆ ಮಿಂಚಂಚೆಯನ್ನು ತೋರಿಸುವ ತಂತ್ರಾಂಶಗಳೆಲ್ಲವೂ ಅವನ್ನು ಒಪ್ಪುವುದಿಲ್ಲ. ವಿಂಡೋಸ್ ಗಣಕಗಳ ಔಟ್‌ಲುಕ್ ಎಂಬ ತಂತ್ರಾಂಶವು ತನ್ನ 2007ರ ಆವೃತ್ತಿಯಿಂದ ಮಿಂಚಂಚೆಯನ್ನು ತೋರಿಸಲು ವರ್ಡ್ ತಂತ್ರಾಂಶದ ಜೋಡಣಾ ಕ್ರಮವನ್ನೇ ಬಳಸತೊಡಗಿತು. ಹೊಸ ವಿಧಾನದಲ್ಲಿ ಅಕ್ಕಪಕ್ಕ ನಿಲ್ಲಿಸಿದ ಅಂಕಣಗಳು ಅಲ್ಲಿ ಚದುರಿಹೋಗುತ್ತವೆ. ಆದುದರಿಂದ ಅನುಭವಿಗಳು ಸಾಲು ಮನೆಗಳುಳ್ಳ ಹಳೆಯ ಕೋಷ್ಟಕವನ್ನೇ ನಂಬುತ್ತಾರೆ. ಗಡಿರೇಖೆ ಕಾಣದ ಕೋಷ್ಟಕವೊಂದರ ಎಡಮನೆಯಲ್ಲಿ ಲಾಂಛನವನ್ನೂ ಬಲಮನೆಯಲ್ಲಿ ವಿವರವನ್ನೂ ಇಟ್ಟರೆ ಅವು ಹೆಚ್ಚಿನ ತಂತ್ರಾಂಶಗಳಲ್ಲಿ ತಮ್ಮ ಸ್ಥಳದಲ್ಲಿ ನಿಲ್ಲುತ್ತವೆ. ಆದರೆ ಕೋಷ್ಟಕದೊಳಗೆ ಕೋಷ್ಟಕವನ್ನಿಟ್ಟು ಜಟಿಲಗೊಳಿಸಬಾರದು. ಓದಿ ಹೇಳುವ ತಂತ್ರಾಂಶವು ಕೋಷ್ಟಕವನ್ನು ಮನೆಯಿಂದ ಮನೆಗೆ, ಸಾಲಿನಿಂದ ಸಾಲಿಗೆ ಓದುತ್ತದೆ. ಆ ಕ್ರಮದಲ್ಲಿ ಕೇಳಿದರೂ ಅರ್ಥವಾಗುವಂತೆ ವಿಷಯವನ್ನು ಹಂಚಬೇಕು.

ಒಬ್ಬರೇ ಎರಡು ಅಂಕಿತಗಳನ್ನು ಇಟ್ಟುಕೊಳ್ಳುವುದು ಇನ್ನೊಂದು ಒಳ್ಳೆಯ ಪದ್ಧತಿ. ಮೊದಲ ಪತ್ರಕ್ಕೆ ಪೂರ್ಣ ವಿವರಗಳುಳ್ಳ ಅಂಕಿತ. ಅದರ ಮುಂದಿನ ಉತ್ತರ ಪ್ರತ್ಯುತ್ತರಗಳಿಗೆ ಹೆಸರು ಮತ್ತು ಸಂಖ್ಯೆ ಮಾತ್ರವಿರುವ ಒಂದೇ ಸಾಲಿನ ಅಂಕಿತ. ಹತ್ತು ಬಾರಿ ಪತ್ರವ್ಯವಹಾರ ನಡೆದಾಗ ಲಾಂಛನವೂ ವಿಳಾಸವೂ ಹತ್ತು ಬಾರಿ ಮರುಕಳಿಸಿದರೆ ಮುಖ್ಯ ವಿಷಯವನ್ನು ಹುಡುಕುವುದೇ ಕಷ್ಟವಾಗುತ್ತದೆ. ರಚನೆಯು ಸಿದ್ಧವಾದ ಬಳಿಕ ಅದನ್ನು ದೊಡ್ಡ ಪರದೆಯಲ್ಲಿ ಒಮ್ಮೆ, ಫೋನಿನಲ್ಲಿ ಒಮ್ಮೆ, ಚಿತ್ರಗಳನ್ನು ತಡೆದು ಒಮ್ಮೆ ತೆರೆದು ನೋಡಬೇಕು. ಈ ಮೂರು ಪರೀಕ್ಷೆಗಳಲ್ಲಿಯೂ ಹೆಸರು, ಸ್ಥಾನ, ಸಂಪರ್ಕ ಉಳಿದುಬಂದರೆ ರಚನೆಯು ಗೆದ್ದಂತೆ.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಅಂಕಿತವು ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಸತ್ಯಕ್ಕೆ ಸಾಕ್ಷಿಯಲ್ಲ. ಶಾಸನತಜ್ಞರು ‘ಕೂಟಶಾಸನ’ ಎಂಬ ಮಾತನ್ನು ಬಳಸುತ್ತಾರೆ; ಅಂದರೆ ನಿಜವಾದ ಶಾಸನದಂತೆಯೇ ಕಾಣುವ ಕೃತ್ರಿಮ ಶಾಸನ. ಗಂಗರ ತಾಮ್ರಪಟಗಳಲ್ಲಿ ಹಲವು ಕೃತ್ರಿಮವೆಂದು ಜೆ. ಎಫ್. ಫ್ಲೀಟ್ ವಾದಿಸಿದರು, ಬಿ. ಎಲ್. ರೈಸ್ ಆ ವಾದವನ್ನು ಒಪ್ಪಲಿಲ್ಲ. ಮುದ್ರೆಯಿದೆ, ವಂಶಾವಳಿಯಿದೆ, ಒಪ್ಪವಿದೆ ಎಂದ ಮಾತ್ರಕ್ಕೆ ವಿದ್ವಾಂಸರು ಶಾಸನವನ್ನು ನಂಬಲಿಲ್ಲ. ಲಿಪಿಯ ಕಾಲ, ತಿಥಿ ವಾರಗಳ ಹೊಂದಾಣಿಕೆ ಇವುಗಳನ್ನು ಒರೆಗೆ ಹಚ್ಚಿ ನೋಡಿದರು. ಮಿಂಚಂಚೆಯ ಅಂಕಿತವನ್ನಾದರೋ ಯಾರು ಬೇಕಾದರೂ ಕ್ಷಣಮಾತ್ರದಲ್ಲಿ ನಕಲು ಮಾಡಬಹುದು. ಬ್ಯಾಂಕಿನ ಲಾಂಛನವನ್ನೂ ಅಧಿಕಾರಿಯ ಹೆಸರನ್ನೂ ಅಂಟಿಸಿಕೊಂಡ ಮೋಸದ ಪತ್ರವನ್ನು ನಂಬಿ ಬಾಳೆಯ ಫಸಲಿನ ಹಣವನ್ನೆಲ್ಲ ಕಳೆದುಕೊಳ್ಳುವ ಸಂಭವವುಂಟು. ಪತ್ರವು ಬಂದ ವಿಳಾಸವನ್ನು ಗಮನಿಸುವುದು, ಮೊದಲೇ ತಿಳಿದಿರುವ ಸಂಖ್ಯೆಗೆ ಕರೆ ಮಾಡಿ ವಿಚಾರಿಸುವುದು ಅಗತ್ಯ. ಕಾನೂನಿನ ಮಾನ್ಯತೆ ಬೇಕಾದ ಕಡೆ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ಮಾನ್ಯಮಾಡಿದ ಡಿಜಿಟಲ್ ಸಹಿಯೆಂಬ ಬೇರೆಯ ವ್ಯವಸ್ಥೆಯೇ ಇದೆ. ಅಂಕಿತವು ಪರಿಚಯ; ಡಿಜಿಟಲ್ ಸಹಿಯು ಪ್ರಮಾಣ. ಇವೆರಡನ್ನು ಒಂದೆಂದು ಭ್ರಮಿಸಬಾರದು.

ಹೀಗೆ ನೋಡಿದಾಗ ಅಂಕಿತದ ವಿನ್ಯಾಸವು ಬರಿಯ ಅಲಂಕಾರದ ಮಾತಲ್ಲವೆಂಬುದು ಸ್ಪಷ್ಟವಾಗುತ್ತದೆ. ಬರೆದವನು ತನ್ನ ಮಾತಿಗೆ ತಾನು ಹೊಣೆ ಎಂದು ಒಪ್ಪಿಕೊಳ್ಳುವ ಸ್ಥಳ ಅದು. ಓದುವವನು ಮರಳಿ ಪ್ರಶ್ನಿಸಲು ತೆರೆದಿಟ್ಟ ಬಾಗಿಲೂ ಅದೇ. ಆ ಬಾಗಿಲು ದೊಡ್ಡ ಪರದೆಯ ಮುಂದೆ ಕುಳಿತವನಿಗೆ ತೆರೆದು, ಹೊಲದ ಬದುವಿನಲ್ಲಿ ಫೋನು ಹಿಡಿದು ನಿಂತವನಿಗೆ ಮುಚ್ಚಿದರೆ ವಿನ್ಯಾಸವು ಸೋತಂತೆ. ಸೋಮನಾಥಪುರದ ಮಲ್ಲಿತಮ್ಮನು ತನ್ನ ಹೆಸರಿಗೆ ಬೇಕೆಂದದ್ದು ಪೀಠದ ಮೇಲಿನ ಅಂಗೈಯಗಲದ ಸ್ಥಳವನ್ನು ಮಾತ್ರ. ಅಷ್ಟು ಸ್ಥಳವೇ ಅವನನ್ನು ಇಂದಿಗೂ ಉಳಿಸಿದೆ.

ಅಭ್ಯಾಸ

1. ಸೋಮನಾಥಪುರದ ಶಿಲ್ಪಿಗಳು ತಮ್ಮ ಹೆಸರನ್ನು ಎಲ್ಲಿ ಕೊರೆದಿದ್ದಾರೆ? ಅದರಿಂದ ತಿಳಿಯುವ ಪಾಠವೇನು?
2. ಮಿಂಚಂಚೆಯ ಅಂಕಿತವು ಕೀರ್ತನೆಯ ಅಂಕಿತಕ್ಕೆ ಹೇಗೆ ಹತ್ತಿರವಾದುದು?
3. ಏಕಾಂಕಣ ಮತ್ತು ಜೋಡಿ ಅಂಕಣದ ರಚನೆಗಳ ಗುಣದೋಷಗಳನ್ನು ಹೋಲಿಸಿ ಬರೆಯಿರಿ.
4. ಇಡೀ ಅಂಕಿತವನ್ನು ಚಿತ್ರವನ್ನಾಗಿ ಮಾಡುವುದರಿಂದ ಯಾರುಯಾರಿಗೆ ತೊಂದರೆಯಾಗುತ್ತದೆ?
5. ನಿಮ್ಮ ಶಾಲೆಯ ಕನ್ನಡ ಸಂಘದ ಕಾರ್ಯದರ್ಶಿಗೆ ಹೊಂದುವ ಒಂದು ಅಂಕಿತವನ್ನು ರಚಿಸಿ, ಆ ರಚನೆಯನ್ನು ಆರಿಸಿದುದಕ್ಕೆ ಕಾರಣಗಳನ್ನು ತಿಳಿಸಿರಿ.